ಪ್ರಯೋಗಕ್ಕೆ ಮೊದಲು ಎರಡು ಕೊಡ ನೀರು

ಲೋಹಕ್ಕೆ ಆಮ್ಲ ಸೇರಿದರೆ ಜಲಜನಕ ಬರುತ್ತದೆಂಬುದು ಜತ್ತ ತಾಲೂಕಿನ ನಮ್ಮ ಕನ್ನಡ ಶಾಲೆಯ ಮಕ್ಕಳಿಗೆ ಕಂಠಪಾಠ. ಪ್ರತ್ಯಾಮ್ಲದಿಂದಲೂ ಬಂದೀತೆಂದರೆ ನಂಬುವುದಿಲ್ಲ. ಪ್ರತ್ಯಾಮ್ಲವೆಂದರೆ ಅವರ ಪಾಲಿಗೆ ಸಾಬೂನಿನಂತೆ ಜಾರುವ, ಆಮ್ಲದ ಉರಿ ತಣಿಸುವ ಸಾಧು ವಸ್ತು.

ಈ ಭ್ರಮೆ ಕಳೆಯಲು ಪ್ರನಾಳದಲ್ಲಿ ಕಾಸ್ಟಿಕ್ ಸೋಡಾದ ಸಾರರಿಕ್ತ ದ್ರಾವಣ, ಅದಕ್ಕೊಂದು ಚೂರು ಅಲ್ಯುಮಿನಿಯಂ ಹಾಳೆ ಸಾಕು. ಮೊದಲು ಏನೂ ಆಗದು. ಲೋಹದ ಮೇಲಿನ ಆಕ್ಸೈಡಿನ ಪೊರೆ ಕರಗಬೇಕಷ್ಟೆ. ಬಳಿಕ ಗುಳ್ಳೆಗಳು ನುಗ್ಗುತ್ತವೆ, ಪ್ರನಾಳ ಬಿಸಿಯೇರುತ್ತದೆ. ಅನಿಲವನ್ನು ಬೇರೊಂದು ಪ್ರನಾಳದಲ್ಲಿ ಹಿಡಿದು, ದೂರ ಒಯ್ದು, ಉರಿಯುವ ಕಡ್ಡಿ ತೋರಿಸಿದರೆ ‘ಟಪ್’! (ಸತುವಾದರೆ ಕಾಯಿಸಬೇಕು.)

ಇದನ್ನು ತೋರಿಸದೆ, ಹಲಗೆಯ ಮೇಲೆ ಸಮೀಕರಣ ಬರೆದು ಮುಗಿಸುವ ಉಪಾಧ್ಯಾಯರುಂಟು. ನಾನೂ ಕೆಲವು ವರ್ಷ ಹಾಗೆಯೇ ಮಾಡಿದೆ, ಸೋಮಾರಿತನದಿಂದಲ್ಲ. ಕ್ಷಾರವು ಕಣ್ಣಿನಲ್ಲಿ ಆಮ್ಲಕ್ಕಿಂತ ಆಳಕ್ಕೆ ಇಳಿಯುತ್ತದೆ. ಒಂದು ಹನಿ ಸಿಡಿದರೂ ಕನಿಷ್ಠ 15 ನಿಮಿಷ ಎಡೆಬಿಡದೆ ನೀರು ಹರಿಸಿ ತೊಳೆದು, ವೈದ್ಯರ ಬಳಿಗೆ ಓಡಬೇಕು. ಬರಪೀಡಿತವಾದ ಈ ಸೀಮೆಯಲ್ಲಿ, ಟ್ಯಾಂಕರಿನ ದಾರಿ ಕಾಯುವ ದಿನಗಳಲ್ಲಿ, ಶಾಲೆಯಲ್ಲಿರುವುದು ಕುಡಿಯುವಷ್ಟೇ ನೀರು. ಹೊಳೆ, ತೋಡುಗಳ ನಾಡಾದ ಕಾಸರಗೋಡಿನ ಉಪಾಧ್ಯಾಯ ಮಿತ್ರರಿಗೆ ಇದು ವಿಚಿತ್ರವೆನಿಸೀತು.

ಈಗ ಪಾಠದ ಸರದಿಯನ್ನೇ ಬದಲಿಸಿದ್ದೇನೆ. ಒಳ್ಳೆಯ ಮಳೆ ಬಿದ್ದ ವಾರವೇ ಈ ಪ್ರಯೋಗ. ಮೇಜಿನ ಪಕ್ಕದಲ್ಲಿ ತುಂಬಿದ ಎರಡು ಕೊಡ, ಕಣ್ಣಿಗೆ ರಕ್ಷಣೆಯ ಕನ್ನಡಕ. ಆಮೇಲೆಯೇ ಬಾಟಲಿಯ ಮುಚ್ಚಳ ತೆಗೆಯುವುದು. ತನಿಖೆಗೆ ಬರುವ ಮಹನೀಯರು ಬಾಟಲಿಗಳನ್ನು ಎಣಿಸಿ ದಾಖಲೆಗೆ ಸಹಿ ಹಾಕುತ್ತಾರೆ. ಇನ್ನು ಮುಂದೆ ದಯವಿಟ್ಟು ನೀರಿನ ತೊಟ್ಟಿಯನ್ನೂ ಕನ್ನಡಕಗಳನ್ನೂ ಪ್ರಯೋಗಶಾಲೆಯ ಸಾಮಾನೆಂದೇ ಎಣಿಸಲಿ.