ಶಿವಗಂಗೆಯ ಸಾವು, ಬೆಳ್ಗೊಳದ ಒಂದು ತಿಂಗಳು

ಶಾಂತಲೆಯನ್ನು ಕುರಿತ ಕಾದಂಬರಿಗಳ ಮಾತು ಬಂದಾಗಲೆಲ್ಲ ನಮ್ಮ ವಿಭಾಗಗಳಲ್ಲಿ ಚರ್ಚೆ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: ಆಕೆ ಶಿವಗಂಗೆಯ ಬೆಟ್ಟದಿಂದ ಧುಮುಕಿದಳೇ, ಇಲ್ಲವೇ? ಕೆ.ವಿ. ಅಯ್ಯರ್ ಅವರ ‘ಶಾಂತಲಾ’ ಆತ್ಮಾರ್ಪಣೆಯ ಕಥೆಯನ್ನು ಓದುಗರ ಮನದಲ್ಲಿ ನೆಲೆಗೊಳಿಸಿತು. ಸಿ.ಕೆ. ನಾಗರಾಜರಾವ್ ಅವರು ಅದನ್ನು ಒಪ್ಪದೆ ‘ಪಟ್ಟಮಹಾದೇವಿ ಶಾಂತಲದೇವಿ’ಯನ್ನು ನಾಲ್ಕು ಸಂಪುಟಗಳಷ್ಟು ಹರಹಿನಲ್ಲಿ ಕಟ್ಟಿದರು, 1983ರಲ್ಲಿ ಮೊತ್ತಮೊದಲ ಮೂರ್ತಿದೇವಿ ಪ್ರಶಸ್ತಿ ಆ ಕೃತಿಗೆ ಸಂದಿತು. ಇವೆರಡರ ನಡುವಣ ವ್ಯತ್ಯಾಸವನ್ನು ನಿಜ–ಸುಳ್ಳುಗಳ ವ್ಯಾಜ್ಯವಾಗಿ ಮಾತ್ರ ಬೋಧಿಸುವುದು ಸಾಹಿತ್ಯದ ವಿದ್ಯಾರ್ಥಿಗೆ ಮಾಡುವ ಅನ್ಯಾಯವೆಂದು ನನ್ನ ಭಾವನೆ.

ಆಕರವನ್ನೇ ನೋಡೋಣ. ಶ್ರವಣಬೆಳಗೊಳದ ಶಾಸನದಂತೆ ಶಾಂತಲೆ ಕ್ರಿ.ಶ. 1131ರಲ್ಲಿ ಶಿವಗಂಗೆಯ ತೀರ್ಥದಲ್ಲಿ ಮಡಿದಳು. ಸಾವಿನ ರೀತಿಯನ್ನು ಅದು ವಿವರಿಸುವುದಿಲ್ಲ. ಅದು ನಿಧಾನಿಸಿ ಹೇಳುವುದು ಇನ್ನೊಬ್ಬಳ ಮಾತನ್ನು. ಮಗಳು ಹೋದ ಮೇಲೆ ತಾನು ಉಳಿಯಲಾರೆನೆಂದು ತಾಯಿ ಮಾಚಿಕಬ್ಬೆ ಬೆಳ್ಗೊಳಕ್ಕೆ ಬಂದು, ಅನ್ನಾಹಾರಗಳನ್ನು ತೊರೆದು, ಒಂದು ತಿಂಗಳ ಕಾಲ ವ್ರತಸ್ಥಳಾಗಿದ್ದು ದೇಹ ಬಿಟ್ಟಳು. ಸಲ್ಲೇಖನ ಶೋಕದ ಅಭಿವ್ಯಕ್ತಿಯಲ್ಲ, ರಾಗದ್ವೇಷಗಳನ್ನು ಕಳಚುವ ಕ್ರಮ ಎಂದು ಜೈನ ಶಾಸ್ತ್ರಜ್ಞರು ಆಕ್ಷೇಪಿಸಬಹುದು. ಆ ಆಕ್ಷೇಪ ಸರಿಯಾದುದೇ. ಆದರೆ ಈ ಶಾಸನದಲ್ಲಿ ವ್ರತಕ್ಕೆ ನಿಮಿತ್ತವಾದದ್ದು ಮಗಳ ಮರಣ. ಕಳಚಿಕೊಳ್ಳಲಾಗದ ಮಮತೆಯೇ ಕಳಚಿಕೊಳ್ಳುವ ವ್ರತಕ್ಕೆ ಕರೆದೊಯ್ದಿದೆ. ಕಾದಂಬರಿಕಾರನಿಗೆ ಇದಕ್ಕಿಂತ ಮಿಗಿಲಾದ ವಸ್ತು ಬೇಕೆ?

ಪ್ರೇಮದ ವಿಷಯದಲ್ಲಿಯೂ ಶಾಸನಗಳು ನಮ್ಮನ್ನು ಎಚ್ಚರಿಸುತ್ತವೆ. 1123ರಲ್ಲಿ ಶಾಂತಲೆ ಬೆಳ್ಗೊಳದಲ್ಲಿ ಕಟ್ಟಿಸಿದ ಬಸದಿಗೆ ‘ಸವತಿಗಂಧವಾರಣ’ವೆಂಬ ಹೆಸರು ಬಂದದ್ದು ಆಕೆಯ ಬಿರುದಿನಿಂದ: ಸವತಿಯರ ಪಾಲಿಗೆ ಮದ್ದಾನೆ. ಇಂತಹವಳು ಲಕ್ಷ್ಮಿಗಾಗಿ, ವಂಶಕ್ಕಾಗಿ ತಾನೇ ಸರಿದು ನಿಲ್ಲುವವಳಾಗಬೇಕಾದರೆ ಅಂತರಂಗದಲ್ಲಿ ಎಷ್ಟು ದೂರ ನಡೆದಿರಬೇಕು! ಮುಂದೆ ಪಟ್ಟವೇರಿದವನು ಲಕ್ಷ್ಮಿಯ ಮಗ ನರಸಿಂಹ ಎಂಬುದು ಇತಿಹಾಸ. ಅಯ್ಯರ್ ಅವರ ಶಾಂತಲೆಯ ಔದಾರ್ಯ ನನ್ನನ್ನು ಇಂದಿಗೂ ಆರ್ದ್ರಗೊಳಿಸುತ್ತದೆ, ಒಪ್ಪುತ್ತೇನೆ. ಆದರೂ ಆ ಮದ್ದಾನೆಯನ್ನು ನಾನು ಅಲ್ಲಿ ಹುಡುಕುತ್ತಲೇ ಇರುತ್ತೇನೆ. ನಾಗರಾಜರಾವ್ ಅವರಲ್ಲಿ ಬಾಲ್ಯದಿಂದ ಮೊದಲ್ಗೊಂಡು ದಾಂಪತ್ಯ ಸಾವಕಾಶವಾಗಿ ಮಾಗುತ್ತದೆ. ಪುಟಗಳ ಸಂಖ್ಯೆಯನ್ನು ಕಂಡು ದೂರ ಸರಿಯುವ ಓದುಗ ಈ ಮಾಗುವಿಕೆಯನ್ನೇ ಕಳೆದುಕೊಳ್ಳುತ್ತಾನೆ.

ಸ್ನಾತಕೋತ್ತರ ತರಗತಿಯಲ್ಲಿ ಈ ಎರಡು ಕಾದಂಬರಿಗಳ ಜೊತೆಗೆ ಆ ಶಾಸನವನ್ನೂ ಪಠ್ಯವಾಗಿಯೇ ಓದಿಸಬೇಕು, ಅಡಿಟಿಪ್ಪಣಿಯಾಗಿ ಅಲ್ಲ. ಯಾರು ಧುಮುಕಿದರು ಎಂಬ ಪ್ರಶ್ನೆಗೆ ಮುನ್ನ, ಉಳಿದವರು ಆ ಒಂದು ತಿಂಗಳನ್ನು ಹೇಗೆ ಕಳೆದರು ಎಂದು ಕೇಳಬೇಕು.