ಸೂಲಿಬೆಲೆಯ ವಿಳಾಸವೂ ಒಂದು ಸಾಲಿನ ಆಜ್ಞೆಯೂ

ಹೊಸಕೋಟೆ ತಾಲ್ಲೂಕಿನ ಹೋಬಳಿ ಕೇಂದ್ರವಾದ ಸೂಲಿಬೆಲೆಯು ತಾನಿದ್ದಲ್ಲಿಂದ ಗೇಣಷ್ಟೂ ಕದಲದೆಯೇ, 1986ರವರೆಗೆ ಬೆಂಗಳೂರು ಜಿಲ್ಲೆಯಲ್ಲಿಯೂ ತದನಂತರ ಬೆಂಗಳೂರು ಗ್ರಾಮಾಂತರದಲ್ಲಿಯೂ ಇದ್ದು, 2025ರ ಜುಲೈ 2ರಂದು ನಂದಿಬೆಟ್ಟದಲ್ಲಿ ಸೇರಿದ ರಾಜ್ಯ ಸಚಿವ ಸಂಪುಟದ ತೀರ್ಮಾನದಂತೆ ಬೆಂಗಳೂರು ಉತ್ತರ ಜಿಲ್ಲೆಯ ಊರೆನಿಸಬೇಕಾಗಿದೆ. ಹೆಸರು ಬದಲಾದೊಡನೆ ಕಚೇರಿಗಳ ಗಣಕಯಂತ್ರಗಳಲ್ಲಿರುವ ಕಡತಗಳನ್ನು ತಿದ್ದುವ ಪ್ರಶ್ನೆ ಏಳುತ್ತದೆ. ಉಪಾಯವೂ ಸಿದ್ಧವಾಗಿಯೇ ಇದೆ. ಬೆಲ್ ಪ್ರಯೋಗಾಲಯದ ಲೀ ಮೆಕ್‌ಮಹಾನರು 1970ರ ದಶಕದಲ್ಲಿ ಯೂನಿಕ್ಸ್ ವ್ಯವಸ್ಥೆಗಾಗಿ ರಚಿಸಿದ 'ಸೆಡ್' ಎಂಬ ತಂತ್ರಾಂಶಕ್ಕೆ, ಹುಡುಕಬೇಕಾದ ಪದವನ್ನೂ ಅದರ ಸ್ಥಾನದಲ್ಲಿಡಬೇಕಾದ ಪದವನ್ನೂ ಕಮಾಂಡ್ ಲೈನಿನಲ್ಲಿ ಬರೆದುಕೊಟ್ಟರಾಯಿತು, ಕಡತವನ್ನು ನಾವು ತೆರೆದು ನೋಡುವ ಅಗತ್ಯವೂ ಇಲ್ಲದೆ ಅದು ಸಾಲುಸಾಲಾಗಿ ಓದಿ ಕ್ಷಣಾರ್ಧದಲ್ಲಿ ಎಲ್ಲವನ್ನೂ ಬದಲಿಸಿಬಿಡುತ್ತದೆ.

ಈ ಸೌಕರ್ಯವನ್ನು ನಾನು ಹಳಿಯಲಾರೆ. ಆದರೆ ಅದು ಅಕ್ಷರವನ್ನು ಬಲ್ಲುದೇ ಹೊರತು ಅರ್ಥವನ್ನರಿಯದು. ಮಾಗಡಿ, ಕನಕಪುರ, ಚನ್ನಪಟ್ಟಣಗಳು 2007ರಲ್ಲಿ ರಾಮನಗರ ಜಿಲ್ಲೆ ರಚಿತವಾಗುವವರೆಗೂ ಬೆಂಗಳೂರು ಗ್ರಾಮಾಂತರಕ್ಕೇ ಸೇರಿದ್ದುವು. 1995ರ ಕನಕಪುರದ ಕ್ರಯಪತ್ರವೊಂದರ ಮೇಲೆ ಈ ಆಜ್ಞೆಯು ಹಾದುಹೋದರೆ, ರಾಮನಗರ ಜಿಲ್ಲೆಯ ಹೆಸರು ಬದಲಾಗಿ ಇಂದು ಬೆಂಗಳೂರು ದಕ್ಷಿಣ ಜಿಲ್ಲೆಯದೆನಿಸಿರುವ ಊರು ಉತ್ತರದ ಪಾಲಾದೀತು. ಇದಕ್ಕಿಂತಲೂ ವಿಚಿತ್ರವಾದುದೆಂದರೆ, 'ಬೆಂಗಳೂರು ಗ್ರಾಮಾಂತರ' ಲೋಕಸಭಾ ಕ್ಷೇತ್ರದಲ್ಲಿ ಅದೇ ಹೆಸರಿನ ಜಿಲ್ಲೆಯ ನಾಲ್ಕು ವಿಧಾನಸಭಾ ಕ್ಷೇತ್ರಗಳ ಪೈಕಿ ಒಂದೂ ಇಲ್ಲ. ಸೂಲಿಬೆಲೆಯವರು ಮತ ಹಾಕುವುದು ಚಿಕ್ಕಬಳ್ಳಾಪುರ ಕ್ಷೇತ್ರದಲ್ಲಿ! ಬೆಂಗಳೂರು ಉತ್ತರವೆಂಬ ಮತ್ತೊಂದು ಲೋಕಸಭಾ ಕ್ಷೇತ್ರವು ಮೊದಲೇ ಇರುವುದರಿಂದ, ಮತದಾನದ ಅಂಕಿ ಅಂಶಗಳಲ್ಲಿ ಗ್ರಾಮಾಂತರ, ಉತ್ತರ ಕ್ಷೇತ್ರಗಳೆರಡೂ ಒಮ್ಮೆ ಬೆರೆತುವೆಂದರೆ ಬೇರ್ಪಡಿಸಿ ಹಿಂದಕ್ಕೆ ತರಬಲ್ಲ ಆಜ್ಞೆಯೇ ಇಲ್ಲ.

ಬದಲಾಗಬೇಕಾದುದು ಉಳಿದುಹೋಗುವ ಸಂಭವವೂ ಉಂಟು. ಕನ್ನಡದ ಅನುಸ್ವಾರವೂ ಸೊನ್ನೆಯ ಅಂಕಿಯೂ ಕಣ್ಣಿಗೆ ಒಂದೇ, ಯೂನಿಕೋಡಿನಲ್ಲಿ ಬೇರೆಬೇರೆ. ಬೆರಳಚ್ಚುಗಾರರು ಒಂದರ ಬದಲು ಇನ್ನೊಂದನ್ನು ಒತ್ತಿದ್ದರೆ ಯಂತ್ರವು ಆ 'ಬೆಂಗಳೂರು' ಪದವನ್ನು ಗುರುತಿಸದೆ ಮುಂದೆ ಸಾಗುತ್ತದೆ.

ಸೆಡ್ ತಾನಾಗಿ ಮೂಲ ಕಡತವನ್ನು ಮುಟ್ಟದೆ ಫಲವನ್ನು ಪರದೆಯ ಮೇಲಷ್ಟೇ ತೋರಿಸುತ್ತದೆಂಬುದೂ, ಮೂಲದಲ್ಲಿಯೇ ತಿದ್ದೆಂದು ಅದಕ್ಕೆ ಪ್ರತ್ಯೇಕವಾಗಿ ಹೇಳಬೇಕೆಂಬುದೂ ಆತುರಗಾರರು ಮರೆಯುವ ಸಂಗತಿಗಳು. ಆದುದರಿಂದ ಅಧಿಕಾರಿಗಳಲ್ಲಿ ನನ್ನ ಬಿನ್ನಹವಿಷ್ಟೆ: ನಾಳೆ ಹೊರಡುವ ಪತ್ರ, ಪ್ರಮಾಣಪತ್ರಗಳ ನಮೂನೆಗಳನ್ನು ಮಾತ್ರ ಬದಲಿಸಿ, ಅದಕ್ಕೂ ಮುನ್ನ ಆ ಪದವಿರುವ ಸಾಲುಗಳನ್ನೆಲ್ಲ ತೆಗೆಸಿ ಓದಿ, ಮೂಲ ಕಡತದ ಒಂದು ಪ್ರತಿಯನ್ನು ಬೇರೆಡೆ ಕಾದಿರಿಸಿ, ಹಳೆಯ ದಾಖಲೆಗಳಲ್ಲಿ ಆಯಾ ಕಾಲದ ಹೆಸರೇ ಇರಲಿ.