ರಾಮಧಾನ್ಯದ ವ್ಯಾಜ್ಯ ಮತ್ತು ಇಂಗಾಲದ ವರ

ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತಕ್ಕೂ ರಾಗಿಗೂ ಹಿರಿಮೆಯ ವ್ಯಾಜ್ಯ ಹುಟ್ಟುತ್ತದೆ. ರಾಮನು ಒಡನೆಯೇ ತೀರ್ಪು ಕೊಡುವುದಿಲ್ಲ; ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸಿ ಕಾಲದ ಪರೀಕ್ಷೆಗೆ ಒಡ್ಡುತ್ತಾನೆ. ಸತ್ತ್ವಗುಂದದೆ ಉಳಿದ ರಾಗಿಗೆ ಗೆಲುವು ಲಭಿಸುತ್ತದೆ. ಈ ಕಾವ್ಯವನ್ನು ಸಾಮಾಜಿಕ ತರತಮದ ವಿಮರ್ಶೆಯಾಗಿ ಓದುವುದು ರೂಢಿ. ಗಾಳಿಯ ಸ್ವರೂಪವೇ ಬದಲಾಗುತ್ತಿರುವ ಇಂದಿನ ಸಂದರ್ಭದಲ್ಲಿ ಆ ವ್ಯಾಜ್ಯಕ್ಕೆ ಮತ್ತೊಂದು ಅರ್ಥವೂ ಒದಗಿದೆ.

ಕೈಗಾರಿಕಾ ಯುಗಕ್ಕೆ ಮುಂಚೆ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಸುಮಾರು 280 ಭಾಗದಷ್ಟಿದ್ದ ಇಂಗಾಲದ ಡೈಆಕ್ಸೈಡ್, 1958ರಲ್ಲಿ ಹವಾಯಿಯ ಮೌನಾ ಲೋವಾದಲ್ಲಿ ನಿರಂತರ ಮಾಪನ ಆರಂಭವಾದಾಗ ಸುಮಾರು 315ರಷ್ಟಿತ್ತು. ಈಗ 420ನ್ನು ದಾಟಿದೆ. ಸಸ್ಯವು ಈ ಅನಿಲದಿಂದಲೇ ಆಹಾರವನ್ನು ತಯಾರಿಸಿಕೊಳ್ಳುವುದರಿಂದ ಈ ಏರಿಕೆ ಬೆಳೆಗೆ ವರವೆಂಬ ವಾದವೊಂದಿದೆ. ವಾದ ನಿರಾಧಾರವಲ್ಲ. ಉಪಗ್ರಹ ಮಾಹಿತಿಯನ್ನು ಆಧರಿಸಿ 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಭೂಮಿಯ ಹಸಿರು ಹೆಚ್ಚಿರುವುದನ್ನು ಗುರುತಿಸಿ, ಅದರ ಸುಮಾರು ಶೇ. 70ರಷ್ಟು ಪಾಲನ್ನು ಈ ಅನಿಲದ ಲೆಕ್ಕಕ್ಕೆ ಸೇರಿಸಿತು.

ಆದರೆ ಈ ವರ ಎಲ್ಲ ಧಾನ್ಯಗಳಿಗೂ ಸಮನಾಗಿ ಹಂಚಿಕೆಯಾಗುವುದಿಲ್ಲ. ಭತ್ತ, ಗೋಧಿಗಳ ಎಲೆಯಲ್ಲಿ ಇಂಗಾಲವನ್ನು ಹಿಡಿಯುವ ರುಬಿಸ್ಕೊ ಎಂಬ ಕಿಣ್ವವು ಆಗಾಗ ತಪ್ಪಿ ಆಮ್ಲಜನಕವನ್ನೂ ಹಿಡಿಯುತ್ತದೆ. ಪರಿಣಾಮವಾಗಿ ದ್ಯುತಿಸಂಶ್ಲೇಷಣೆಯ ಗಳಿಕೆ ಸೋರಿಹೋಗುತ್ತದೆ. ಇಂಗಾಲ ಹೆಚ್ಚಿದಂತೆ ಈ ಸೋರಿಕೆ ತಗ್ಗುತ್ತದೆ. ರಾಗಿ, ಜೋಳ, ಕಬ್ಬುಗಳಾದರೋ ಎಲೆಯೊಳಗೇ ಇಂಗಾಲವನ್ನು ಸಾಂದ್ರಗೊಳಿಸಿಕೊಳ್ಳುವ ವ್ಯವಸ್ಥೆಯನ್ನು ಪಡೆದಿವೆ. ಅವುಗಳಿಗೆ ನೇರವಾದ ಹೊಸ ಲಾಭ ಅತ್ಯಲ್ಪ. ಮೇಲ್ನೋಟಕ್ಕೆ ಈ ಬಾರಿ ವ್ಯಾಜ್ಯ ಭತ್ತದ ಪರವಾಗಿಯೇ ಇದೆ.

ಈ ಪರೀಕ್ಷೆ ನಡೆದಿರುವ ತಾಣಗಳಲ್ಲಿ ದೆಹಲಿಯ ಪೂಸಾ ಒಂದು. 1905ರಲ್ಲಿ ಬಿಹಾರದ ಪೂಸಾದಲ್ಲಿ ಸ್ಥಾಪಿತವಾಗಿ, 1934ರ ಭೂಕಂಪದ ತರುವಾಯ 1936ರಲ್ಲಿ ರಾಜಧಾನಿಗೆ ಬಂದ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಹೊಲಗಳಲ್ಲಿ, ಮೇಲ್ಭಾಗ ತೆರೆದ ಪಾರದರ್ಶಕ ಕೋಣೆಗಳೊಳಗೂ ಬಯಲಿನಲ್ಲಿಯೂ ಹೆಚ್ಚುವರಿ ಇಂಗಾಲವನ್ನು ಹರಿಸಿ ಬೆಳೆಗಳನ್ನು ಬೆಳೆಸಲಾಗಿದೆ. ಇಂಗಾಲವೊಂದೇ ಹೆಚ್ಚಿದರೆ ಗೋಧಿ ಹುಲುಸಾಗುತ್ತದೆ. ತಾಪವೂ ಜೊತೆಗೂಡಿದರೆ ಆ ಲಾಭ ಕರಗುತ್ತದೆ. ಪ್ರಕೃತಿಯಲ್ಲಿ ಇವೆರಡೂ ಜೊತೆಗೂಡಿಯೇ ಬರುತ್ತವೆ. 1901ರಿಂದ ದಾಖಲಾದ ಮಾರ್ಚ್ ತಿಂಗಳುಗಳಲ್ಲಿ ಭಾರತಕ್ಕೆ ಅತ್ಯಂತ ಬಿಸಿಯೆನಿಸಿದ 2022ರ ಮಾರ್ಚಿಯಲ್ಲಿ, ಕಾಳು ಕಟ್ಟುವ ಹೊತ್ತಿಗೆ ಹರಿಯಾಣ, ಪಂಜಾಬುಗಳ ಗೋಧಿ ಸುಕ್ಕಿತು. ಅದೇ ಮೇ 13ರಂದು ಕೇಂದ್ರ ಸರ್ಕಾರ ಗೋಧಿಯ ರಫ್ತನ್ನು ನಿಷೇಧಿಸಬೇಕಾಯಿತು.

ಪ್ರಮಾಣಕ್ಕಿಂತಲೂ ಸತ್ತ್ವದ ಪ್ರಶ್ನೆ ಗಂಭೀರವಾದುದು. 2014ರ ಅಂತರರಾಷ್ಟ್ರೀಯ ಅಧ್ಯಯನವೊಂದರ ಪ್ರಕಾರ, ಈ ಶತಮಾನದ ನಡುವಿನ ಹೊತ್ತಿಗೆ ನಿರೀಕ್ಷಿತವಾದ ಇಂಗಾಲದ ಮಟ್ಟದಲ್ಲಿ ಬೆಳೆದ ಗೋಧಿಯಲ್ಲಿ ಸತುವು ಸುಮಾರು ಶೇ. 9, ಪ್ರೋಟೀನು ಶೇ. 6, ಕಬ್ಬಿಣ ಶೇ. 5ರಷ್ಟು ಕುಗ್ಗಿತ್ತು. ಜೋಳದ ಜಾತಿಯ ಬೆಳೆಗಳಲ್ಲಿ ಈ ನಷ್ಟ ಅಷ್ಟಾಗಿ ಕಾಣಲಿಲ್ಲ. ರೊಟ್ಟಿ, ಅನ್ನಗಳನ್ನೇ ನೆಚ್ಚಿದ ಬಡವನ ಪಾಲಿಗೆ ಇದು ಹೊಟ್ಟೆ ತುಂಬಿಯೂ ಉಳಿಯುವ ಹಸಿವು.

ಆದುದರಿಂದ ಎಲೆಯ ಹಸಿರನ್ನು ಕಂಡು ಇಂಗಾಲವನ್ನು ವರವೆನ್ನುವುದು ಅವಸರದ ತೀರ್ಪು. ರಾಗಿಯೂ ಬರ, ಬಿಸಿಲುಗಳಿಗೆ ಅತೀತವಲ್ಲ. ಆದರೂ ಅದನ್ನು ಕಡೆಗಣಿಸುವುದು ಸಲ್ಲದು. 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದರಷ್ಟೇ ಸಾಲದು; ಸರ್ಕಾರಿ ಖರೀದಿಯಲ್ಲಿ, ಪಡಿತರದಲ್ಲಿ ಅವುಗಳಿಗೆ ಭತ್ತ, ಗೋಧಿಗಳ ಸರಿಸಮಾನವಾದ ಸ್ಥಾನ ದೊರೆಯಬೇಕು. ಧಾನ್ಯದ ಹಿರಿಮೆಯನ್ನು ಅದರ ಹುಲುಸಿನಿಂದಲ್ಲ, ಕಷ್ಟಕಾಲದಲ್ಲಿ ಉಳಿಯುವ ಸತ್ತ್ವದಿಂದ ಅಳೆಯಬೇಕೆಂಬ ವಿವೇಕ ಕನ್ನಡಕ್ಕೆ ಹೊಸದೇನಲ್ಲ.